ಒಂದು ಏಟಿಗೆ ಬಾ, ಎರಡು ಏಟಿಗೆ ನಿಲ್ಲು

ಡಿಪೋ ಚಿಕ್ಕಮ್ಮನಿಗೆ ಲಾರಿ ಓಡಿಸಲು ಬರುವುದಿಲ್ಲ. ಸೈಕಲ್ ಕೂಡ ಬರುವುದಿಲ್ಲ. ಆದರೂ ಆ ಬೀದಿಗೆ ಬಂದ ಲಾರಿಗಳೆಲ್ಲ ಆಕೆಯ ಮಾತು ಕೇಳಿಯೇ ನಡೆದಿವೆ. ಅದೂ ಹಿಂದಕ್ಕೆ.

ಬೀದಿ ಇರುವುದೇ ಹಾಗೆ. ದೊಡ್ಡ ರಸ್ತೆಯಲ್ಲಿ ಮೆಡಿಕಲ್ ಶಾಪಿಗೂ ಫೋಟೋ ಫ್ರೇಮ್ ಅಂಗಡಿಗೂ ನಡುವೆ ಅದು ಒಳಗೆ ತಿರುಗುತ್ತದೆ. ಒಂದು ಕಡೆ ಉದ್ದಕ್ಕೂ ಮೋರಿ, ಇನ್ನೊಂದು ಕಡೆ ಮನೆಗಳ ಮೆಟ್ಟಿಲು. ಲಾರಿ ಒಳಗೆ ಬಂದರೆ ಎರಡೂ ಬದಿಗೆ ಒಂದೊಂದು ಗೇಣು ಜಾಗ ಉಳಿದರೆ ಪುಣ್ಯ. ಬೀದಿಯ ಕೊನೆಯಲ್ಲಿ ಸೌದೆ ಡಿಪೋ, ಅದರ ಬೆನ್ನಿಗೆ ಹಿಟ್ಟಿನ ಗಿರಣಿಯ ಎತ್ತರದ ಗೋಡೆ. ಅಲ್ಲಿಗೆ ದಾರಿ ಮುಗಿಯಿತು. ಲಾರಿ ತಿರುಗಿಸಲು ಜಾಗವೇ ಇಲ್ಲ. ಮೂತಿ ಒಳಗೆ ಹಾಕಿ ಬಂದವನು ಹೊರಗೆ ಹೋಗಲು ಪಡುವ ಪಾಡು ದೇವರಿಗೇ ಪ್ರೀತಿ. ಹಾಗಾಗಿ ಸೌದೆ ಲಾರಿಗಳು ದೊಡ್ಡ ರಸ್ತೆಯಿಂದಲೇ ಹಿಂಬದಿ ಮಾಡಿಕೊಂಡು ಬರುತ್ತಿದ್ದವು.

ಚಿಕ್ಕಮ್ಮ ಮದುವೆಯಾಗಿ ಆ ಮನೆಗೆ ಬಂದಾಗ ಲಾರಿಗೆ ದಾರಿ ತೋರಿಸುವ ಕೆಲಸ ಗಂಡನದಾಗಿತ್ತು. ಗಂಡನೋ, ಬೆಂಕಿ ಬಿದ್ದರೂ ಪಿಸುಮಾತಿನಲ್ಲಿ ಹೇಳುವ ಮನುಷ್ಯ. ಅವನು "ಸಾಕು" ಅನ್ನುವುದು ಡ್ರೈವರಿಗೆ ಕೇಳಿಸುವಷ್ಟರಲ್ಲಿ ಲಾರಿ ತಕ್ಕಡಿಗೆ ಗುದ್ದಿರುತ್ತಿತ್ತು. ಒಂದು ದಿನ ಹೊಸ ಸೊಸೆ ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದಳು. "ನೀವು ತೂಕ ನೋಡ್ಕೊಳ್ಳಿ. ಇದು ನಾನು ನೋಡ್ಕೋತೀನಿ" ಎಂದಳು. ಲಾರಿಯ ಹಿಂಬದಿಯ ಹಲಗೆಗೆ ಅಂಗೈಯಿಂದ ಒಂದು ಏಟು ಹೊಡೆದಳು. ಲಾರಿ ಬಂತು. ಗೋಡೆ ಹತ್ತಿರವಾಯಿತು. ಭಯಕ್ಕೆ ಕೈ ತಾನಾಗಿಯೇ ಎರಡು ಏಟು ಹೊಡೆಯಿತು. ಲಾರಿ ನಿಂತಿತು.

ಅಂದಿನಿಂದ ಆ ಬೀದಿಯಲ್ಲಿ ಅದೇ ಲೆಕ್ಕ. ಒಂದು ಏಟಿಗೆ ಬಾ, ಎರಡು ಏಟಿಗೆ ನಿಲ್ಲು. ಹೊಸ ಡ್ರೈವರು ಯಾರಾದರೂ ಬಂದರೆ ಚಿಕ್ಕಮ್ಮ ಮೊದಲು ಅವನಿಗೆ ಟೀ ಕೊಟ್ಟು ಈ ಪಾಠ ಹೇಳಿಕೊಡುತ್ತಿದ್ದಳು. ಟೀ ಕುಡಿದವನು ಪಾಠ ಮರೆಯುವಂತಿರಲಿಲ್ಲ.

ಕ್ರಮೇಣ ಆಕೆಗೆ ಅದೇ ಅಭ್ಯಾಸವಾಯಿತು. ಮನೆಯಲ್ಲಿ ಬೀರು ಸರಿಸುವಾಗಲೂ "ಬಾ, ಬಾ, ಬಾ, ಸ್ವಲ್ಪ ಎಡಕ್ಕೆ, ಸೀದಾ, ಸಾಕು" ಎಂದೇ ಹೇಳುವಳು. ನೆಂಟರು ಊಟಕ್ಕೆ ಕೂರುವಾಗಲೂ ಹಾಗೆಯೇ. ಒಮ್ಮೆ ಹೆರಿಗೆಯಾದ ಮನೆಗೆ ಹೋಗಿ ತೊಟ್ಟಿಲಿನ ಪಕ್ಕ ನಿಂತು ಹೀಗೇ ಏನೋ ಹೇಳಿದಳಂತೆ. ಬಾಣಂತಿ ನಕ್ಕು ನಕ್ಕು ಹೊಲಿಗೆ ನೋವು ತಂದುಕೊಂಡಳಂತೆ.

ಗಂಡನ ಅಣ್ಣ, ಅತ್ತಿಗೆ ಇಬ್ಬರೂ ಬೇಗ ತೀರಿಕೊಂಡಿದ್ದರು. ಅವರ ಮಗ ಒಂದು ತಗಡಿನ ಪೆಟ್ಟಿಗೆ ಹಿಡಿದುಕೊಂಡು ಈ ಮನೆಗೆ ಬಂದ. ಮಾತು ಕಡಿಮೆ. ಆದರೆ ಬಾಯಲ್ಲಿ ಸದಾ ಹಾರ್ನ್. ಅಡುಗೆಮನೆಗೆ ಬರುವಾಗ ಪೋಂ ಪೋಂ, ಬಚ್ಚಲಿಗೆ ತಿರುಗುವಾಗ ಪೋಂ ಪೋಂ. ಬೀದಿಯವರು ಅವನಿಗೆ ಪೋಂಪೋಂ ಎಂದೇ ಹೆಸರಿಟ್ಟರು. ಶಾಲೆಯ ಹಾಜರಿಯಲ್ಲಿ ಬೇರೆ ಹೆಸರಿತ್ತು. ಅದನ್ನು ಕರೆದರೆ ಅವನೇ ತಿರುಗಿ ನೋಡುತ್ತಿರಲಿಲ್ಲ.

ಡ್ರೈವರುಗಳ ತೊಡೆಯ ಮೇಲೆ ಕುಳಿತು ಅವನು ಸ್ಟೇರಿಂಗ್ ಹಿಡಿದ. ಕಾಲು ಪೆಡಲಿಗೆ ಎಟುಕುವಷ್ಟು ಬೆಳೆದಾಗ, ರಾತ್ರಿಯಿಡೀ ಓಡಿಸಿ ಬಂದ ಡ್ರೈವರುಗಳು ದೊಡ್ಡ ರಸ್ತೆಯಲ್ಲೇ ಇಳಿದು ಬೀಗದ ಕೈ ಅವನಿಗೆ ಕೊಡತೊಡಗಿದರು. ಮೀಸೆ ಮೂಡುವ ಹೊತ್ತಿಗೆ ಆ ಬೀದಿಯಲ್ಲಿ ಲಾರಿಯನ್ನು ಹಿಂದಕ್ಕೆ ತರುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅವನು ಕುತ್ತಿಗೆ ತಿರುಗಿಸುತ್ತಿರಲಿಲ್ಲ. ಹಲಗೆಯ ಮೇಲೆ ಬೀಳುವ ಏಟಿಗೆ ಕಿವಿಗೊಟ್ಟು, ಮುಂದಿನ ಗಾಜನ್ನೇ ನೋಡುತ್ತಾ ಹಿಂದಕ್ಕೆ ಬರುತ್ತಿದ್ದ.

"ಕನ್ನಡಿ ನೋಡೋ ಕತ್ತೆ!" ಎಂದು ಚಿಕ್ಕಮ್ಮ ಕೂಗುವಳು.

"ನೀನಿದ್ದೀಯಲ್ಲ ಚಿಕ್ಕಮ್ಮ, ಕನ್ನಡಿ ಯಾಕೆ?" ಎಂದು ಅವನು ಒಳಗಿನಿಂದ ಕೂಗುವನು.

ಆಮೇಲೆ ಅವನು ಸೈನ್ಯ ಸೇರಿದ. ಅಲ್ಲಿಯೂ ಲಾರಿಯನ್ನೇ ಕೊಟ್ಟರು. ಯುದ್ಧ ಬಂತು. ಪತ್ರಿಕೆಯಲ್ಲಿ ಅವನ ಫೋಟೋ ಬಂತು. ಪದಕ ಬಂತು. ಅದೆಲ್ಲ ಆದ ಮೇಲೆ ಅವನೂ ಬಂದ. ಅಡುಗೆಮನೆಯ ಹೊಸ್ತಿಲಲ್ಲಿ ತಟ್ಟೆ ಇಟ್ಟುಕೊಂಡು ತನ್ನ ಸಾಹಸವನ್ನು ಚಿಕ್ಕಮ್ಮನಿಗೆ ಹೇಳಿದ. ತಟ್ಟೆಯಲ್ಲಿದ್ದುದು ಮುಗಿಯುವಷ್ಟರಲ್ಲಿ ಕಥೆಯೂ ಮುಗಿದಿತ್ತು.

ಬೆಟ್ಟದ ರಸ್ತೆ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪಾತಾಳ. ಮೇಲಿನ ಠಾಣೆಗೆ ಸಾಮಾನು ಹೊತ್ತು ಹೋಗಿದ್ದ. ಮುಂದಿನ ಸೇತುವೆಗೆ ಶೆಲ್ ಬಿದ್ದು ದಾರಿ ಕಡಿಯಿತು. ಗಾಯಾಳುಗಳು ರಸ್ತೆಯ ಮೇಲೆ ಬಿದ್ದಿದ್ದರು. ಅವರನ್ನು ಲಾರಿಗೆ ಹತ್ತಿಸಿದರೇನೋ ಸರಿ, ತಿರುಗಿಸಲು ಜಾಗವೆಲ್ಲಿ? ಬೆಳಗಿನ ಮಂಜು ಬೇರೆ. ಎರಡು ಬದಿಯ ಕನ್ನಡಿಗಳೂ ಒಡೆದುಹೋಗಿದ್ದವು.

"ಅಲ್ಲೂ ನಿನ್ನ ಲೆಕ್ಕವೇ ನಡೀತು ಚಿಕ್ಕಮ್ಮ. ಕಾಲಿಗೆ ಪೆಟ್ಟಾದ ಒಬ್ಬನ್ನ ಹಿಂದಿನ ಹಲಗೆ ಹತ್ರ ಕೂರಿಸ್ದೆ. ಒಂದು ಏಟಿಗೆ ಬರ್ತೀನಿ, ಎರಡು ಏಟಿಗೆ ನಿಲ್ತೀನಿ ಅಂದೆ. ಕೆಳಗಿನ ಅಗಲ ತಿರುವಿನವರೆಗೂ ಹಿಂದಕ್ಕೇ ಬಂದೆ."

"ಎಷ್ಟು ದೂರ?"

"ನಮ್ಮ ಬೀದಿಯಿಂದ ರೈಲ್ವೆ ಗೇಟು ಇಲ್ವಾ, ಅಷ್ಟು. ಇವರನ್ನ ಇಳಿಸಿ, ಉಳಿದವರಿಗೆ ಅಂತ ಇನ್ನೊಂದು ಸಲ ಹೋದೆ. ಮತ್ತೆ ಹಿಂದಕ್ಕೆ. ಅವನ ಕೈ ನಿನ್ನ ಕೈಯಷ್ಟು ಗಟ್ಟಿ ಇರಲಿಲ್ಲ, ಅಷ್ಟೇ ತೊಂದರೆ."

ಚಿಕ್ಕಮ್ಮ ತನ್ನ ಅಂಗೈಯನ್ನು ಒಮ್ಮೆ ನೋಡಿಕೊಂಡಳು. ಆಮೇಲೆ, ಯಾಕೋ, ಅವನ ತಟ್ಟೆಗೆ ಬೇಡವೆಂದರೂ ಮತ್ತಷ್ಟು ಬಡಿಸಿದಳು.

ಸೈನ್ಯದಿಂದ ನಿವೃತ್ತನಾದ ಮೇಲೆ ಪೋಂಪೋಂ ಶಾಲೆಯ ಬಸ್ಸು ಓಡಿಸಿದ. ಸೌದೆ ಒಲೆಗಳು ಹೋಗಿ ಗ್ಯಾಸ್ ಬಂತು. ಡಿಪೋದಲ್ಲಿ ಮೊದಲು ಸೌದೆ ಕಡಿಮೆಯಾಯಿತು, ಆಮೇಲೆ ಮರದ ಹೊಟ್ಟು, ಆಮೇಲೆ ಹಳೆಯ ಬಾಗಿಲು ಕಿಟಕಿಗಳ ವ್ಯಾಪಾರ. ಗಂಡ ಪಿಸುಮಾತಿನಲ್ಲೇ ಬದುಕಿ ಪಿಸುಮಾತಿನಲ್ಲೇ ಹೋದ. ತಕ್ಕಡಿಯ ತಟ್ಟೆಯಲ್ಲಿ ಬೆಕ್ಕು ಮರಿ ಹಾಕಿತು. ಎರಡು ವರ್ಷದ ಹಿಂದೆ ಒಂದು ದಿನ ಪೋಂಪೋಂ ಊಟ ಮಾಡಿ ಮಲಗಿದವನು ಏಳಲಿಲ್ಲ. ಚಿಕ್ಕಮ್ಮ ಅತ್ತಳು, ಬೈದಳು. "ಹೋಗೋವಾಗ ಒಂದು ಹಾರ್ನ್ ಹೊಡೀಬಾರದಾಗಿತ್ತಾ, ಕಳ್ಳ" ಎಂದಳು. ಅಳುತ್ತಿದ್ದವರಿಗೂ ನಗು ಬಂತು.

ಅವನ ನೆನಪಿಗೆ ಏನಾದರೂ ಮಾಡಬೇಕೆಂದು ಬೀದಿಯವರು ಸೇರಿ ಸಮಿತಿ ಮಾಡಿದರು. ಚಿಕ್ಕಮ್ಮನ ಮೈದುನ, ಅಂದರೆ ಗಂಡನ ತಮ್ಮನೇ ಅಧ್ಯಕ್ಷ. ಬೀದಿಯ ಬಾಯಲ್ಲಿರುವ ಫೋಟೋ ಫ್ರೇಮ್ ಅಂಗಡಿ ಅವನದೇ. ಯಾವ ಚಿತ್ರವಾದರೂ ಚೌಕಟ್ಟಿನೊಳಗೆ ಅಂದವಾಗಿ ಕೂರಬೇಕು ಎನ್ನುವ ಮನುಷ್ಯ. ಸೈನ್ಯದವರು ಒಂದು ಹಳೆಯ ಲಾರಿ ಕೊಡಲು ಒಪ್ಪಿದರು. ಅದನ್ನು ಕಟ್ಟೆಯ ಮೇಲೆ ನಿಲ್ಲಿಸುವುದು, ಹಿಂದಿನ ಚಿಕ್ಕ ಗೋಡೆಗೆ ಕಲ್ಲು ಹಾಕುವುದು ಎಂದಾಯಿತು. ಜಾಗಕ್ಕೆ ಹುಡುಕಾಡುತ್ತಿದ್ದಾಗ ಚಿಕ್ಕಮ್ಮ, "ಡಿಪೋ ಖಾಲಿ ಬಿದ್ದಿದೆಯಲ್ಲ, ತಗೊಳ್ಳಿ" ಎಂದಳು. ಒಂದೇ ಷರತ್ತು. ಅವನು ಏನು ಮಾಡಿದನೋ ಅದನ್ನೇ ಕಲ್ಲಿನಲ್ಲಿ ಬರೆಯಬೇಕು.

"ಆಗಲಿ ಅತ್ತಿಗೆ" ಎಂದ ಮೈದುನ.

ಕಟ್ಟೆ ಎದ್ದಿತು, ಇಳಿಜಾರು ಕಟ್ಟಿದ್ದಾಯಿತು, ಗೋಡೆಗೆ ಕರಿಕಲ್ಲು ಕೂತಿತು. ಉದ್ಘಾಟನೆಗೆ ಇನ್ನು ಎರಡೇ ದಿನ ಇರುವಾಗ ಚಿಕ್ಕಮ್ಮ ಕನ್ನಡಕ ಹಾಕಿಕೊಂಡು ಹೋಗಿ, ಅಕ್ಷರದ ಮೇಲೆ ಬೆರಳಿಟ್ಟು ಓದಿದಳು. ಮೇಲೆ ಅವನ ಪೂರ್ತಿ ಹೆಸರು. ಕೆಳಗೆ, 'ಗುಂಡಿನ ಮಳೆಗೆ ಎದೆಯೊಡ್ಡಿ ಮುನ್ನುಗ್ಗಿ, ಗಾಯಾಳುಗಳ ಪ್ರಾಣ ಉಳಿಸಿದ ವೀರ.'

ಆಕೆ ಸೀದಾ ಫ್ರೇಮ್ ಅಂಗಡಿಗೆ ನಡೆದಳು. ಮೈದುನ ಗಾಜು ಕೊಯ್ಯುತ್ತಿದ್ದ.

"ಯಾವ ವೀರನೋ ಅದು, ಮುನ್ನುಗ್ಗಿದವನು? ನಮ್ಮ ಹುಡುಗ ಹಿಂದಕ್ಕೆ ಬಂದವನು."

"ಅತ್ತಿಗೆ, ಕೂತ್ಕೊಳ್ಳಿ. ಹಿಂದಕ್ಕೆ ಬಂದ ಅಂತ ಬರೆದ್ರೆ ಓದಿದವರು ಏನು ಅಂದ್ಕೋತಾರೆ? ಓಡಿ ಬಂದ ಅಂದ್ಕೋತಾರೆ."

"ಅಂದ್ಕೊಂಡವರನ್ನ ನನ್ನ ಹತ್ರ ಕಳಿಸು."

"ಇನ್ನೊಂದು ಸಲ ಮೇಲಕ್ಕೆ ಹೋದನಲ್ಲ, ಅದು ಮುಂದಕ್ಕೆ ತಾನೆ? ಸುಳ್ಳೇನೂ ಬರೆಸಿಲ್ಲ ನಾನು."

"ಮುಂದಕ್ಕೆ ಹೋಗೋಕೆ ಎಮ್ಮೆಗೂ ಬರುತ್ತೆ! ಅವನು ಜೀವ ಉಳಿಸಿದ್ದು ಹಿಂದಕ್ಕೆ ಬಂದು. ಅದನ್ನ ಮುಚ್ಚಿಟ್ರೆ ಅವನು ಮಾಡಿದ್ದೇ ಇಲ್ಲ ಅಂದ ಹಾಗೆ. ಅದೇನು ನಾಚಿಕೆ ಪಡೋ ಕೆಲಸಾನಾ?"

ಮೈದುನ ಗಾಜನ್ನು ಕೆಳಗಿಟ್ಟ. "ಪದಕ ಬಂದ ವರ್ಷ ನಾನು ಕ್ಷೌರಕ್ಕೆ ಹೋಗಿದ್ದೆ" ಎಂದ. "ಪಕ್ಕದ ಕುರ್ಚೀಲಿ ಮೆಡಿಕಲ್ ಶಾಪಿನವನು ಕೂತಿದ್ದ. 'ಹಿಂದೆ ಹಿಂದೆ ಓಡಿ ಬಂದನಂತೆ, ಅದಕ್ಕೂ ಪದಕ ಕೊಡ್ತಾರಾ' ಅಂದ. ಎಲ್ಲರೂ ನಕ್ಕರು. ನಾನು ಎದ್ದು ಬಂದುಬಿಟ್ಟೆ."

ಚಿಕ್ಕಮ್ಮನಿಗೆ ನೆನಪಾಯಿತು. ಅರ್ಧ ಮುಖಕ್ಕೆ ಸೋಪು ಮೆತ್ತಿಕೊಂಡು ಮೈದುನ ಬಿರಬಿರನೆ ಮನೆಗೆ ಬಂದಿದ್ದ ದಿನ. ಅವತ್ತು ಆಕೆ ಹೊಟ್ಟೆ ಹಿಡಿದು ನಕ್ಕಿದ್ದಳು. ಯಾಕೆಂದು ಅವನು ಹೇಳಿರಲೇ ಇಲ್ಲ.

"ನನ್ನ ಅಣ್ಣನ ಮಗ ಅವನು. ಕಲ್ಲಿನ ಮೇಲೂ ಜನ ನಗೋದು ನನಗೆ ಬೇಡ ಅತ್ತಿಗೆ."

ಚಿಕ್ಕಮ್ಮನ ಕೋಪ ಅರ್ಧ ಇಳಿಯಿತು. ಇನ್ನರ್ಧ ಇಳಿಯಲಿಲ್ಲ. "ಕಲ್ಲು ಹಾಗೇ ಇದ್ರೆ ಉದ್ಘಾಟನೆಗೆ ನನ್ನನ್ನ ಕರೀಬೇಡ" ಎಂದು ಎದ್ದು ಬಂದಳು.

ಮರುದಿನ ಲಾರಿ ಬಂತು. ಹಸಿರು ಬಣ್ಣದ ಮುದಿ ಲಾರಿ. ಗ್ಯಾರೇಜಿನ ಮೇಸ್ತ್ರಿ ಅದರ ಇಂಜಿನ್ನಿಗೆ ಹೇಗೋ ಜೀವ ತುಂಬಿ ತಾನೇ ಓಡಿಸಿಕೊಂಡು ಬಂದಿದ್ದ. ಗ್ಯಾರೇಜು ಇಡುವ ಮುಂಚೆ ಅವನು ವರ್ಷಗಟ್ಟಲೆ ಸಿಟಿ ಬಸ್ಸು ಓಡಿಸಿದವನು. ಕ್ರೇನ್ ತರಿಸೋಣವೆಂದರೆ ಬೀದಿಗೆ ಕ್ರೇನೇ ಹಿಡಿಸುವುದಿಲ್ಲ. ಕಟ್ಟೆಯ ಮೇಲೆ ಲಾರಿಯ ಮೂತಿ ಬೀದಿಯ ಕಡೆಗೆ ಇರಬೇಕೆಂದು ಸಮಿತಿಯೇ ತೀರ್ಮಾನಿಸಿತ್ತು. ಅಂದ ಮೇಲೆ ಹಿಂದಕ್ಕೇ ತರಬೇಕು. ಇದು ಯಾರ ತಲೆಗೂ ಹೊಳೆದಿರಲಿಲ್ಲ.

ಮೈದುನ ಅಂಗಿಯ ತೋಳು ಮಡಚಿ ಲಾರಿಯ ಹಿಂದೆ ನಿಂತ. ಬೀದಿಯ ಜನವೆಲ್ಲ ಮೆಟ್ಟಿಲಿನ ಮೇಲೆ.

"ಎಡಕ್ಕೆ! ಎಡಕ್ಕೆ!"

"ಯಾರ ಎಡ? ನನ್ನದಾ, ನಿಮ್ಮದಾ?" ಎಂದು ಮೇಸ್ತ್ರಿ ತಲೆ ಹೊರಗೆ ಹಾಕಿದ.

"ಬಲಕ್ಕೆ ಬಲಕ್ಕೆ! ಮೋರಿ!"

"ಮೋರಿ ಅಲ್ಲಪ್ಪ, ಮೆಟ್ಟಿಲು!"

ಹೀಗೆ ಎಲ್ಲರೂ ಹೇಳುವವರೇ. ಲಾರಿ ಮೂಲೆ ತಿರುಗುವಾಗ ಮೆಡಿಕಲ್ ಶಾಪಿನ ಬೋರ್ಡು ಕಿತ್ತು ಕೆಳಗೆ ಬಿತ್ತು. ಅಂಗಡಿಯವನು ಹೌಹಾರಿ ಮೆಟ್ಟಿಲು ಹತ್ತಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಲಾರಿ ಅವನ ಹೊಟ್ಟೆಯ ಮುಂದೆಯೇ ಉಜ್ಜಿಕೊಂಡು ಸರಿಯಿತು. ಅವನು ಉಸಿರು ಬಿಡಲಿಲ್ಲ. ಬಿಟ್ಟಿದ್ದರೆ ಹೊಟ್ಟೆ ಲಾರಿಗೆ ತಗಲುತ್ತಿತ್ತು. ಮತ್ತೆ ಮುಂದಕ್ಕೆ, ಮತ್ತೆ ಹಿಂದಕ್ಕೆ. ಒಂದು ಗಾಲಿ ಮೋರಿಯ ಅಂಚಿಗೆ ಬಂದು ನಿಂತಿತು. ಮೇಸ್ತ್ರಿ ಇಂಜಿನ್ ಆರಿಸಿದ.

"ಯಾರಾದ್ರೂ ಒಬ್ಬರು ಹೇಳಿ. ಇಲ್ಲಾಂದ್ರೆ ಲಾರಿ ಇಲ್ಲೇ ಇರಲಿ, ಇಲ್ಲೇ ಉದ್ಘಾಟನೆ ಮಾಡ್ಕೊಳ್ಳಿ. ನಾನು ಇಳಿದು ಹೋಗ್ತೀನಿ."

ಚಿಕ್ಕಮ್ಮ ಬಾಗಿಲು ಹಾಕಿಕೊಂಡು ಒಳಗೆ ಕುಳಿತಿದ್ದಳು. ಬರಬಾರದೆಂದು ತನಗೆ ತಾನೇ ಹೇಳಿಕೊಂಡಿದ್ದಳು. ಆದರೆ ಇಂಜಿನ್ನಿನ ಸದ್ದು ಕೇಳಿದಾಗಿನಿಂದ ಅಂಗೈ ನವೆಯಾಗುತ್ತಿತ್ತು. ಅದು ಆರಿದ ಮೇಲೆ ತಡೆಯಲಾಗಲಿಲ್ಲ. ಸೆರಗು ಸಿಕ್ಕಿಸಿಕೊಂಡು ಬಂದಳು.

"ಎಲ್ಲರೂ ಬಾಯಿ ಮುಚ್ಕೊಳ್ಳಿ. ಮೇಸ್ತ್ರಿ, ನೀನು ನನ್ನ ಮಾತು ಒಂದೇ ಕೇಳು. ಶುರು ಮಾಡು."

ಹೊಸಬನನ್ನು ನಂಬುವ ಜಾಯಮಾನ ಆಕೆಯದಲ್ಲ. ಹಾಗಾಗಿ ಬೀದಿಯ ಉದ್ದಕ್ಕೂ ಮೇಸ್ತ್ರಿಯ ಕಿಟಕಿಯ ಪಕ್ಕದಲ್ಲೇ, ಮೆಟ್ಟಿಲಿನಿಂದ ಮೆಟ್ಟಿಲಿಗೆ ಕಾಲು ಹಾಕುತ್ತಾ ನಡೆದಳು. "ಬಾ, ಬಾ, ಬಾ. ಬಾಲ ಮೋರಿ ಕಡೆಗೆ ಹೋಗ್ತಿದೆ. ತಿರುಗಿಸು. ಹಾಂ, ಈಗ ಸೀದಾ. ಬಾ ನನ್ನಪ್ಪ." ಲಾರಿ ಕರುವಿನಂತೆ ಬಂತು. ಮೇಸ್ತ್ರಿಯ ಅಂಗಿ ಮಾತ್ರ ನೀರಿನಲ್ಲಿ ಅದ್ದಿದಂತಾಗಿತ್ತು.

ಕಟ್ಟೆಯ ಇಳಿಜಾರು ಬಂತು. ಈಗ ಆಕೆ ತನ್ನ ಹಳೆಯ ಜಾಗಕ್ಕೆ, ಹಲಗೆಯ ಪಕ್ಕಕ್ಕೆ ಹೋಗಿ ನಿಂತಳು. ಇಳಿಜಾರು ಏರಲು ಮೇಸ್ತ್ರಿ ಆಕ್ಸಿಲರೇಟರ್ ಒತ್ತಿದ. ಗಿರಣಿಯ ಗೋಡೆಗೆ ಬಡಿದು ಇಂಜಿನ್ನಿನ ಗರ್ಜನೆ ಎರಡು ಪಟ್ಟಾಯಿತು. ಇನ್ನು ಬಾಯಿಮಾತು ಕೇಳಿಸುವಂತಿರಲಿಲ್ಲ. ಹಿಂದಿನ ಗಾಲಿಗಳು ಕಟ್ಟೆ ಏರಿದವು. ಇಷ್ಟು ಸಾಕು. ಚಿಕ್ಕಮ್ಮ ಜೋರಾಗಿ ಹಲಗೆಗೆ ಎರಡು ಏಟು ಹೊಡೆದಳು.

ಠಪ್. ಠಪ್.

ಲಾರಿ ನಿಲ್ಲಲಿಲ್ಲ. ನೆಗೆಯಿತು. ಹಲಗೆ ನೇರವಾಗಿ ಹೋಗಿ ಗೋಡೆಗೆ ಗುದ್ದಿತು. ಕರಿಕಲ್ಲು ಎರಡಾಯಿತು. ಹೆಸರಿದ್ದ ಭಾಗ ಗೋಡೆಯಲ್ಲೇ ಉಳಿಯಿತು. ಕೆಳಗಿನ ಭಾಗ ಪುಡಿಪುಡಿಯಾಗಿ ಕಟ್ಟೆಯ ಮೇಲೆ ಉದುರಿತು.

ಮೊದಲು ಬಾಯಿ ಬಂದದ್ದು ಮೈದುನನಿಗೆ. "ಅತ್ತಿಗೆ! ಬೇಕೂಂತಲೇ ಮಾಡಿದ್ರಿ!"

"ನಿನ್ನ ಅಣ್ಣನ ಆಣೆಗೂ ಇಲ್ಲ! ನಾನು ನಿಲ್ಲು ಅಂದೆ. ಇವನು ನುಗ್ಗಿದ!"

ಮೇಸ್ತ್ರಿ ಕೆಳಗಿಳಿದ. "ಎರಡು ಹೊಡೆದ್ರಲ್ಲಮ್ಮ ನೀವು! ಎರಡು ಅಂದ್ರೆ ಹೋಗು ಅಂತ ತಾನೆ? ಕಂಡಕ್ಟರು ಎರಡು ಬಡಿದ್ರೆ ಹೋಗೋದು, ಒಂದು ಬಡಿದ್ರೆ ನಿಲ್ಲೋದು. ಇಡೀ ಊರಿಗೆ ಗೊತ್ತು."

"ಇಡೀ ಊರಿಗೆ ಇರಬಹುದು. ಈ ಬೀದೀಲಿ ಒಂದು ಅಂದ್ರೆ ಬಾ, ಎರಡು ಅಂದ್ರೆ ನಿಲ್ಲು. ನಮ್ಮ ಹುಡುಗ ಇದ್ದಿದ್ರೆ ಕೂದಲೆಳೆ ಜಾಗ ಬಿಟ್ಟು ನಿಲ್ಲಿಸ್ತಿದ್ದ." ಅಷ್ಟು ಹೇಳಿ ಆಕೆಗೆ ತಪ್ಪು ತನ್ನದೇ ಎಂದು ಹೊಳೆಯಿತು. ದನಿ ಇಳಿಯಿತು. "ನಿನಗೆ ಟೀ ಕೊಟ್ಟು ಹೇಳಬೇಕಿತ್ತು. ಮರೆತೆ. ಹಲಗೆಗೆ ಕೈ ಹಾಕಿದ ತಕ್ಷಣ, ಒಳಗೆ ಅವನೇ ಕೂತಿದ್ದಾನೆ ಅಂತ ಅನ್ನಿಸಿಬಿಡ್ತು ಕಣಪ್ಪ."

ಚಿಕ್ಕಮ್ಮ ಕಟ್ಟೆಯ ಅಂಚಿಗೆ ಕುಳಿತು, ಬೆಟ್ಟದ ಮೇಲೆ ಗಾಯಾಳು ಹಲಗೆಗೆ ಬಡಿದ ಕಥೆಯನ್ನು ಹೇಳಿದಳು. ಒಂದು ಏಟಿಗೆ ಬರುತ್ತೇನೆ, ಎರಡು ಏಟಿಗೆ ನಿಲ್ಲುತ್ತೇನೆ ಎಂದು ಪೋಂಪೋಂ ಹೇಳಿದ್ದನ್ನು ಹೇಳಿದಳು. ಹೊಸ್ತಿಲಲ್ಲಿ ಕುಳಿತು ತಿಂದವನ ಈ ಮಾತನ್ನು ಆಕೆ ಇಷ್ಟು ವರ್ಷ ಬೇರೆ ಯಾರಿಗೂ ಹೇಳಿರಲಿಲ್ಲ. ಅದು ತನ್ನ ಕೈಯನ್ನೇ ಹೊಗಳಿಕೊಂಡಂತೆ ಆಗುತ್ತದೆಂದು ಸಂಕೋಚ.

ಮೇಸ್ತ್ರಿ ಅಂಗಿಯ ತುದಿಯಿಂದ ಮುಖ ಒರೆಸಿಕೊಂಡ. "ಈ ಬೀದಿಯಷ್ಟು ಉದ್ದ, ಹಗಲು ಹೊತ್ತು, ಯಾರೂ ಗುಂಡು ಹೊಡೀತಿಲ್ಲ. ಆದ್ರೂ ನನ್ನ ಜೀವ ಬಾಯಿಗೆ ಬಂತು. ಅಲ್ಲಿ ಆ ಮನುಷ್ಯ ಎರಡು ಸಲ ಬಂದನಾ?"

"ಎರಡು ಸಲ" ಎಂದಳು ಚಿಕ್ಕಮ್ಮ.

ಗುಂಪಿನ ಹಿಂದಿನಿಂದ ಮೆಡಿಕಲ್ ಶಾಪಿನವನು ಕೆಮ್ಮಿದ. ಬಿದ್ದ ಬೋರ್ಡು ಇನ್ನೂ ಅವನ ಕಂಕುಳಲ್ಲೇ ಇತ್ತು. "ಹಿಂದಕ್ಕೆ ಅಂತಲೇ ಬರೆಸಿ" ಎಂದ ಮೈದುನನಿಗೆ. "ಲಾರಿ ಹಿಂದಕ್ಕೆ ಬರೋದು ಅಂದ್ರೆ ಏನು ಅಂತ ಇವತ್ತು ನನ್ನ ಹೊಟ್ಟೆಗೆ ಗೊತ್ತಾಯ್ತು. ಯಾರಾದ್ರೂ ನಕ್ಕರೆ ನನ್ನ ಅಂಗಡಿಗೆ ಕಳಿಸಿ, ನಾನೇ ಹೇಳ್ತೀನಿ."

ಮೈದುನ ಅವನನ್ನು ಬಹಳ ಹೊತ್ತು ನೋಡಿದ. "ನನ್ನ ಅರ್ಧ ಕ್ಷೌರ ನಿನ್ನ ಮೇಲೆ ಬಾಕಿ ಇದೆ" ಎಂದ. ಅದೇನೆಂದು ಅವನಿಗೆ ಅರ್ಥವಾಗಲಿಲ್ಲ. ಅರ್ಥವಾದ ಚಿಕ್ಕಮ್ಮನಿಗೆ ನಗು ತಡೆಯಲಾಗಲಿಲ್ಲ. ಮೈದುನನೂ ನಕ್ಕ.

ಬಾಡಿಗೆಗೆ ತಂದ ಕುರ್ಚಿಗಳು ವಾಪಸ್ ಹೋದವು. ಉದ್ಘಾಟನೆ ಮುಂದಕ್ಕೆ ಹೋಯಿತು. ಹೊಸ ಕಲ್ಲು ಬಂದಾಗ ಮೈದುನ ಅದನ್ನು ಕೂರಿಸುವ ಮೊದಲೇ ಅತ್ತಿಗೆಯ ಮನೆಗೆ ತಂದು ತೋರಿಸಿದ. ಆಕೆ ಕನ್ನಡಕ ಹಾಕಿಕೊಂಡು ಬೆರಳಿಟ್ಟು ಓದಿದಳು. 'ಮುಂದಿನ ದಾರಿ ಕಡಿದಾಗ, ತಿರುಗಿಸಲು ಜಾಗವಿಲ್ಲದ ಬೆಟ್ಟದ ರಸ್ತೆಯಲ್ಲಿ, ಗಾಯಾಳುಗಳು ತುಂಬಿದ ಲಾರಿಯನ್ನು ಹಿಂದಕ್ಕೇ ನಡೆಸಿಕೊಂಡು ಬಂದವನು. ಒಂದು ಸಲವಲ್ಲ, ಎರಡು ಸಲ.'

"ಅಂದವಾಗಿದೆಯಾ ಅತ್ತಿಗೆ?"

"ನಿಜವಾಗಿದೆ" ಎಂದಳು ಚಿಕ್ಕಮ್ಮ. "ಕೂತ್ಕೋ, ಟೀ ಕುಡಿ."

ಉದ್ಘಾಟನೆಯ ದಿನ ಆಕೆ ಮೊದಲ ಸಾಲಿನಲ್ಲಿ ಕುಳಿತಿದ್ದಳು. ಪಕ್ಕದಲ್ಲಿ ಹೊಸ ಅಂಗಿ ಹಾಕಿದ್ದ ಮೇಸ್ತ್ರಿ. ಗೋಡೆಗೆ ಗುದ್ದಿದ ಹಲಗೆಯ ತಗ್ಗನ್ನು ಸರಿಮಾಡಿ ಬಣ್ಣ ಬಳಿಯುತ್ತೇನೆಂದು ಅವನು ಹೇಳಿದ್ದ. ಬೀದಿಯವರೇ ಬೇಡವೆಂದರು.

ಈಗ ಸಂಜೆ ಹೊತ್ತು ಮಕ್ಕಳೆಲ್ಲ ಕಟ್ಟೆಯ ಸುತ್ತ ಆಡುತ್ತಾರೆ. ಒಬ್ಬರು ಲಾರಿಯೊಳಗೆ ಕುಳಿತು ಪೋಂ ಪೋಂ ಎನ್ನುವುದು, ಇನ್ನೊಬ್ಬರು ಹಿಂದೆ ನಿಂತು ಹಲಗೆಗೆ ಬಡಿಯುವುದು. ಯಾರಾದರೂ ಒಂದೇ ಏಟು ಹೊಡೆದು ಸುಮ್ಮನಾದರೆ ಡಿಪೋ ಮನೆಯ ಕಿಟಕಿ ಫಟ್ಟನೆ ತೆರೆಯುತ್ತದೆ.

"ಒಂದು ಹೊಡೆದು ಬಿಡಬೇಡ್ರೋ! ಅವನು ಬಂದೇ ಬಿಡ್ತಾನೆ, ಹಿಂದೆ ಗೋಡೆ ಇದೆ! ಇನ್ನೊಂದು ಹೊಡೀರಿ!"

ಮಕ್ಕಳು ನಗುತ್ತಾ ಇನ್ನೊಂದು ಹೊಡೆಯುತ್ತಾರೆ. ಕಿಟಕಿ ಮುಚ್ಚುತ್ತದೆ.